ಬೀಳದವರ ಲೆಕ್ಕ

ಗೇಟಿನ ಪಕ್ಕ ಕಪ್ಪು ಹಲಗೆ,
ಹಳದಿ ಬಣ್ಣದಲ್ಲಿ: ಅಪಘಾತವಿಲ್ಲದ ದಿನಗಳು.
ಬೆಳಿಗ್ಗೆ ಹಾಜರಿ ಕೂಗುವ ಮೊದಲು
ಒದ್ದೆ ಬಟ್ಟೆಯಲ್ಲಿ ನಿನ್ನೆಯದನ್ನು ಒರೆಸಿ
ಒಂದು ಕೂಡಿಸುವುದು ರೈಟರ್ ಕೆಲಸ; ಎಂದರೆ ನನ್ನದು.
ಮುನ್ನೂರ ಹನ್ನೆರಡರ ತನಕ ಬರೆದಿದ್ದೇನೆ ಈ ಕೈಯಲ್ಲಿ.
ಪಾಲಿಬೆಟ್ಟದ ಕಡೆಯಿಂದ ಬರುವ ಜೀಪುಗಳು
ನಿಧಾನ ಮಾಡಿ ಓದಿ ಹೋಗುತ್ತಿದ್ದವು.

ತಿಂಗಳಿಗೆ ಸೊನ್ನೆ ಬಂದರೆ
ತಲೆಗೆ ಎರಡು ಕಿಲೋ ಸಕ್ಕರೆ. ಅದು ಯೋಜನೆ.
ಸಕ್ಕರೆ ಪ್ರತಿ ತಿಂಗಳೂ ಹಂಚಿದೆವು.

ಚಾತನ ಹೆಬ್ಬೆರಳು ಪಲ್ಪರಿನ ಹಲ್ಲಿಗೆ ಸಿಕ್ಕ ದಿನ
ಮಸ್ಟರಿನಲ್ಲಿ ನಾನು ಬರೆದದ್ದು: ಜ್ವರ.
ಮೆಟ್ಟಿಲು ತುಂಡಾಗಿ ಬಿದ್ದ ತಂಗಮಣಿ
ಸೊಂಟ ಹಿಡಿದು ಲೈನ್ ಮನೆಯ ಕತ್ತಲಲ್ಲಿ ಮಲಗಿದಾಗ
ಪಕ್ಕದ ಮನೆಯವರೇ ಬಾಗಿಲು ಎಳೆದುಕೊಂಡರು:
"ಮೂವತ್ತೊಂದಕ್ಕೆ ಇನ್ನು ನಾಲ್ಕೇ ದಿನ, ತಡಕೋ."
ಹಾಜರಿಯಲ್ಲಿ: ಊರಿಗೆ ಹೋಗಿದ್ದಾಳೆ.
ಅವಳ ಪಾಲಿನ ಸಕ್ಕರೆಯನ್ನೂ ತಲುಪಿಸಿದ್ದೆ,
ಕಾಗದದ ಪೊಟ್ಟಣ, ತಲೆದಿಂಬಿನ ಬದಿಗೆ.

ಆಮೇಲೆ ಬಂದವಳು ದೇಚಮ್ಮ,
ಮಡಿಕೇರಿಯಿಂದ ಸ್ಕೂಟರಿನಲ್ಲಿ, ಮೈತುಂಬ ಕೆಮ್ಮಣ್ಣ ಧೂಳು.
ಹಲಗೆ ನೋಡಿದಳು, ಏನೂ ಅನ್ನಲಿಲ್ಲ.
ಶೆಡ್ಡಿಗೆ ಹೋಗಿ ಏಣಿಗಳನ್ನು ಒಂದೊಂದಾಗಿ
ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು,
ಹಲಸು ಕೊಳ್ಳುವವರ ಹಾಗೆ.
ಸಕ್ಕರೆ ನಿಲ್ಲಿಸಿ, ಅಂದಳು.
ನೂರು ಹಾಳೆಯ ಗೆರೆ ಪುಸ್ತಕ ಕೊಟ್ಟು,
"ಇದರಲ್ಲಿ ಆದದ್ದು ಬೇಡ.
ಆಗಲಿದ್ದು ಆಗದೆ ಹೋದದ್ದು ಬರೆಯಿರಿ."

ಮೂರು ವಾರ ಪುಸ್ತಕ ಖಾಲಿ.
ನಾಲ್ಕನೆಯದರಲ್ಲಿ, ಮೆಣಸಿನ ಕುಯ್ಲು ಹಿಡಿದಾಗ,
ಎರವರ ಬೊಳ್ಳಿ ಮೇಜಿನ ಮುಂದೆ ನಿಂತಳು,
ಕಂಕುಳಲ್ಲಿ ಕೂಸು, ಬಾಯಲ್ಲಿ ಎಲೆಯಡಿಕೆ.
"ಬರಿ. ಏಳನೇ ನಂಬರ್ ಏಣಿ, ಕೆಳಗಿಂದ ಮೂರನೇ ಮೆಟ್ಟಿಲು
ಕರ್ರ್ ಅನ್ನುತ್ತೆ. ನಾನು ದಾಟಿ ಹತ್ತುತೀನಿ.
ಎಲ್ಲಾರೂ ದಾಟಿ ಹತ್ತುತಾರೆ."
ಎಷ್ಟು ದಿನದಿಂದ?
"ಹೋದ ವರ್ಷದಿಂದ."

ಆಮೇಲೆ ನನ್ನ ಪೆನ್ನಿಗೆ ಬಿಡುವಿಲ್ಲ.
ಕರೆಂಟು ತಂತಿಗೆ ಮೊಳ ದೂರದಲ್ಲಿ ನಿಂತ ಅಲ್ಯೂಮಿನಿಯಂ ಏಣಿ.
ಚುಬ್ರನ ಹೆಗಲು ಸವರಿ ಕಾಫಿಗಿಡ ಸೀಳಿದ ಓಕ್ ಕೊಂಬೆ.
ಮೂರನೇ ಬ್ಲಾಕಿನಲ್ಲಿ ಆನೆ ಇದೆಯೆಂಬ ಸಂದೇಶ
ಓದಲು ಬಾರದವರ ಜೇಬಿನಲ್ಲೇ ಉಳಿದದ್ದು.
ಅಸ್ಸಾಮಿನ ರಫೀಕುಲ್ ಕೈಸನ್ನೆಯಲ್ಲೇ ಹೇಳಿದ,
ನಾನು ಚಿತ್ರ ಬರೆದುಕೊಂಡೆ:
ಹಗ್ಗ, ಗಂಟು, ಗಂಟು ಜಾರಿದ ಬಗೆ.

ಮಾರ್ಚ್ ಕೊನೆಗೆ ನಲವತ್ತೊಂದು.
ಮಾಲೀಕರು ಉತ್ತಯ್ಯ ಕನ್ನಡಕ ಹಣೆಗೇರಿಸಿ,
"ಹೋದ ವರ್ಷ ಸೊನ್ನೆ. ಈ ವರ್ಷ ನಲವತ್ತೊಂದು.
ಫೈಬರ್ ಏಣಿಗೆ, ಬೆಲ್ಟಿಗೆ ಮೂರು ಲಕ್ಷ ಸುರಿದು
ನಾವು ಕೊಂಡದ್ದು ಇದನ್ನೋ ರೈಟರೇ?"
ದೇಚಮ್ಮ ಶೇಕಡಾ ಹೇಳಿದಳು, ಗೆರೆ ಎಳೆದು ತೋರಿಸಿದಳು.
ಅವರು ಗೆರೆ ನೋಡಿದರು, ಏರಿದ ಕಡೆ ಮಾತ್ರ.

ನನಗೂ ಪೂರ್ತಿ ತಿಳಿಯದು ಈ ಲೆಕ್ಕ.
ಕಾಫಿಹಣ್ಣನ್ನು ಬುಶೆಲಿನಲ್ಲಿ ಅಳೆದವನು, ಮೆಣಸನ್ನು ತಕ್ಕಡಿಯಲ್ಲಿ,
ಹೂಮಳೆಯನ್ನು ಇಂಚು ಸೆಂಟಿನಲ್ಲಿ.
ಬೀಳದೆ ಇಳಿದವರನ್ನು ಯಾವ ಕೊಳಗದಲ್ಲಿ?

ಏಳನೇ ನಂಬರ್ ಏಣಿಯನ್ನು ಗರಗಸ ಹಾಕಿ ಕೊಯ್ದೆವು.
ಬಿದಿರ ತುಂಡುಗಳನ್ನು ಬೊಳ್ಳಿಯೇ ಹೊತ್ತುಕೊಂಡು ಹೋದಳು.
ಸಂಜೆ ಲೈನಿನ ಬಚ್ಚಲ ಒಲೆಯಲ್ಲಿ ಗೆಣ್ಣುಗಳು
ಪಟಾರೆಂದು ಸಿಡಿಯುತ್ತಿದ್ದವು;
ಅದರ ಮೇಲಿಂದ ಬೀಳಬೇಕಾಗಿದ್ದವರು ಯಾರೋ
ಅದೇ ಬಿಸಿನೀರು ಮೀಯುತ್ತಿದ್ದರು, ಕೂಸಿಗೆ ಬೈಯುತ್ತ.
ಇದನ್ನು ಯಾವ ಕಾಲಮ್ಮಿಗೆ ಸೇರಿಸಲಿ ಎಂದು
ದೇಚಮ್ಮನನ್ನು ಕೇಳಲಿಲ್ಲ.

ಹಲಗೆ ಈಗ ಶೆಡ್ಡಿನಲ್ಲಿ, ಮುಖ ಗೋಡೆಗೆ.
ತಂಗಮಣಿ ಮತ್ತೆ ಬರುತ್ತಾಳೆ, ನೆಲದ ಕೆಲಸಕ್ಕೆ ಮಾತ್ರ;
ಉದುರಿದ ಮೆಣಸು ಆಯಲು ಕೂತರೆ
ಏಳುವಾಗ ಗಿಡ ಹಿಡಿಯುತ್ತಾಳೆ.
ನಿನ್ನೆ ಆಫೀಸು ಮುಚ್ಚುವ ಮುಂಚೆ ಪುಸ್ತಕ ತೆರೆದು
ನಲವತ್ತೆರಡು ಎಂದು ನಂಬರು ಹಾಕಿ
ಹೋದ ವರ್ಷದ ತಾರೀಕು ಬರೆದೆ.
ಇದು ಆದದ್ದು, ಈ ಪುಸ್ತಕಕ್ಕೆ ಸಲ್ಲದ್ದು, ಗೊತ್ತು.
ಆದರೂ ಬರೆದೆ: ಮೆಟ್ಟಿಲು ತುಂಡಾಯಿತು. ಅವಳ ಹೆಸರು.
ಕಾರಣ ಎಂಬಲ್ಲಿ
ಪೆನ್ನು ಒಂದಿಷ್ಟು ಹೊತ್ತು ನಿಂತಿತು.
ಎರಡು ಕಿಲೋ, ಎಂದು ಬರೆದೆ.
ಕೆಳಗೆ ನನ್ನ ಸಹಿ.